ಬೆಲ್ಲದ ಕಡಾಯಿ ಕಾಡಿಗೆ ಹೋದದ್ದು

ಇಲ್ಲ, ಹಗ್ಗ ನೀಲಿ ಇರಲಿಲ್ಲ. ನೀಲಿ ನೈಲಾನ್ ಹಗ್ಗ ಬಂದದ್ದು ಆಮೇಲೆ. ಮಹಾಪೂರದ ದಿನ ಕಡಾಯಿಗೆ ಕಟ್ಟಿದ್ದು ಹಳೆಯ ಮಾಸಲು ಹಗ್ಗವೇ ಇರಬೇಕು, ಆದರೆ ಕಣ್ಣು ಮುಚ್ಚಿದರೆ ನನಗೆ ಕೆಂಪು ನೀರಿನ ಮೇಲೆ ನೀಲಿ ಹಗ್ಗವೇ ಕಾಣುತ್ತದೆ. ಹಗ್ಗದ ಬಣ್ಣವನ್ನೇ ಬದಲಿಸಿಕೊಂಡ ಕಣ್ಣು ಇನ್ನೇನೇನು ಬದಲಿಸಿಕೊಂಡಿದೆಯೋ ಯಾರಿಗೆ ಗೊತ್ತು? ಆದ್ದರಿಂದ ಮುಂದೆ ನಾನು ಹೇಳುವುದನ್ನೆಲ್ಲ ಒಮ್ಮೆ ಜರಡಿ ಹಿಡಿದೇ ಕೇಳಿ. ಕಲ್ಲು ಸಿಕ್ಕರೆ ನನ್ನನ್ನು ಬೈಯಬೇಡಿ.

ಈ ಅನುಮಾನ ಹುಟ್ಟಿದ್ದು ಮೊನ್ನೆ, ಮಲ್ಲು ಕಾಕಾನ ಹಿತ್ತಲಲ್ಲಿ. ಗೋಡೆಗೆ ಒರಗಿಸಿಟ್ಟ ಬೆಲ್ಲದ ಕಡಾಯಿಯ ಒಂದು ಬಳೆಗೆ ಗೇಣುದ್ದದ ಹಗ್ಗದ ತುಂಡು ಇನ್ನೂ ನೇತಾಡುತ್ತಿತ್ತು. ಬಿಸಿಲು ಮಳೆ ತಿಂದು ಅದರ ತುದಿ ಹಳೆಯ ಬ್ರಷ್ಷಿನ ಹಾಗೆ ಕೆದರಿದೆ. ಬೆರಳಲ್ಲಿ ತಿರುವಿ ತಿರುವಿ ನೋಡಿದೆ. ಕೊಯ್ದದ್ದೋ, ಹರಿದದ್ದೋ ತಿಳಿಯಲಿಲ್ಲ.

ಕಡಾಯಿ ಎಂದರೆ ನೀವು ಬಜ್ಜಿ ಕರಿಯುವ ಕಡಾಯಿ ಎಂದುಕೊಳ್ಳಬೇಡಿ. ಇದು ಕಬ್ಬಿನ ಹಾಲು ಕುದಿಸಿ ಬೆಲ್ಲ ಮಾಡುವುದು. ನಾಲ್ಕು ಜನ ಕಾಲು ಚಾಚಿ ಕೂಡುವಷ್ಟು ಅಗಲ, ಮೊಣಕಾಲಿನಷ್ಟು ಆಳ, ತಳ ಚಪ್ಪಟೆ, ಅಂಚಿಗೆ ಹಿಡಿದೆತ್ತಲು ಕಬ್ಬಿಣದ ನಾಲ್ಕು ಬಳೆ. ನಾನು ಚಿಕ್ಕವಳಿದ್ದಾಗ ನಮ್ಮ ಹೊಲದಲ್ಲೇ ಗಾಣ ಇತ್ತು. ಬೆಲ್ಲ ಇಳಿಸಿದ ಮೇಲೆ ಕಡಾಯಿ ಆರುವವರೆಗೂ ನಾವು ಮಕ್ಕಳು ಸುತ್ತ ಕಾಯುತ್ತಿದ್ದೆವು, ಆಮೇಲೆ ಅದರೊಳಗೆ ಇಳಿದು ಕಬ್ಬಿನ ಸಿಪ್ಪೆಯಿಂದ ಕೆರೆದು ತಿನ್ನುತ್ತಿದ್ದೆವು. ಲಂಗ, ಕೂದಲು, ರೆಪ್ಪೆ ಎಲ್ಲ ಅಂಟು. ಕಾಕಾ ನಮ್ಮನ್ನು ಒಳಗೆ ಕೂಡಿಸಿಯೇ ಕಡಾಯಿಯನ್ನು ಉಸುಕಿನ ಮೇಲೆ ಗರಗರ ತಿರುಗಿಸುತ್ತಿದ್ದ. ಇರುವೆಗಳೂ ನಮ್ಮ ಜೊತೆ ತಿರುಗುತ್ತಿದ್ದವು. ಈಗ ಕಬ್ಬೆಲ್ಲ ಫ್ಯಾಕ್ಟರಿಗೆ ಹೋಗುತ್ತದೆ, ಗಾಣ ಬಿದ್ದಿದೆ. ಕಡಾಯಿ ಮಾತ್ರ ಉಳಿದಿದೆ, ಬೇರೆ ಕೆಲಸಕ್ಕೆ.

ನಮ್ಮ ತವರೂರು ಶೇಡಬಾಳದಿಂದ ಹೊಳೆಯ ಕಡೆಗೆ ಇಳಿಯುವ ಹಾದಿಯ ಕೊನೆಯಲ್ಲಿದೆ. ಅಲ್ಲಿಂದ ಮುಂದೆ ಹಾದಿ ಇಲ್ಲ, ಕೃಷ್ಣೆ. ಮಳೆಗಾಲದಲ್ಲಿ ಮೇಲಿನ ಡ್ಯಾಮುಗಳಿಂದ ನೀರು ಬಿಟ್ಟರೆ ಹೊಳೆಯೇ ಹಾದಿ ಹತ್ತಿ ಊರೊಳಗೆ ಬರುತ್ತದೆ. ಆಗ ಬೆಲ್ಲದ ಕಡಾಯಿಯೇ ನಮ್ಮ ದೋಣಿ. ಹೊಳೆದಂಡೆಯ ಊರಿನವರಿಗೆ ಇದು ಹೊಸದಲ್ಲ. ಆದರೆ ಕಡಾಯಿ ನಡೆಸುವುದು ಎಲ್ಲರಿಗೂ ಬರುವುದಿಲ್ಲ, ಕಾಕಾನಿಗೆ ಬರುತ್ತಿತ್ತು. ಅವನು ನಡುವೆ ನಿಂತು ಉದ್ದನೆಯ ಬಿದಿರು ಗಳವನ್ನು ನೀರಿಗೆ ಊರುತ್ತಿದ್ದ. ಗಳ ತಳ ಮುಟ್ಟಿದ ಸದ್ದಿನಿಂದಲೇ ಕೆಳಗೆ ಯಾರ ಹೊಲ ಎಂದು ಹೇಳುತ್ತಿದ್ದ.

"ಇದು ನಮ್ಮ ಬದು. ಇದು ಬಾವಿ ಕಟ್ಟಿ, ಬಾಜೂಕ ಸರೀತೀನಿ. ತಲಿ ಬಗ್ಗಸ್ರಿ, ಮ್ಯಾಲ ವಾಯರ್ ಐತಿ!"

ಮುಳುಗಿದ ನೆಲದ ಮೇಲೆ ಅವನು ಗಳದ ತುದಿಯಿಂದ ನಡೆಯುತ್ತಿದ್ದ. ಸೆಳವು ಕಡಾಯಿಯನ್ನು ಎಳೆಯುತ್ತದೆ, ಗಳ ಅದನ್ನು ತಿದ್ದುತ್ತದೆ, ಅಷ್ಟೇ ವಿದ್ಯೆ.

ಆ ದೊಡ್ಡ ಮಹಾಪೂರದ ವರ್ಷ ನಾನು ನಾಗರ ಪಂಚಮಿಗೆಂದು ತವರಿಗೆ ಬಂದಿದ್ದೆ. ಜೋಕಾಲಿ ಕಟ್ಟುವ ಮರವೇ ಮುಳುಗಿತ್ತು. ಊರವರನ್ನೆಲ್ಲ ಶಾಲೆಯ ಮಾಳಿಗೆಗೆ ಸಾಗಿಸಿ ಕಡೆಯ ಸರದಿಯಲ್ಲಿ ಕಾಕಾ, ಶೇವಂತಾ ಕಾಕಿ ಬರುತ್ತಿದ್ದರು. ಹಿಂದೆ, ಕಡಾಯಿಯ ಬಳೆಗೆ ಕಟ್ಟಿದ ಹಗ್ಗದ ತುದಿಯಲ್ಲಿ, ಅವರ ಎಮ್ಮೆ ಗೌರಿ ಈಜುತ್ತಿತ್ತು. ಹಳ್ಳ ಬಂದು ಕೂಡುವ ಜಾಗದಲ್ಲಿ ಸೆಳವು ಎಮ್ಮೆಯನ್ನು ಹಿಡಿಯಿತು. ಹಗ್ಗ ಬಿಗಿಯಾಯಿತು, ಕಡಾಯಿ ಒಂದು ಕಡೆ ವಾಲಿತು, ಅಂಚಿನಿಂದ ನೀರು ಒಳಗೆ ಬಂತು. ಮರುಕ್ಷಣ ಕಡಾಯಿ ನೆಟ್ಟಗಾಯಿತು. ಎಮ್ಮೆ ಇರಲಿಲ್ಲ.

ಕಾಕಿ ಕುಡಗೋಲು ಎತ್ತಿದ್ದನ್ನು ನಾನು ಮಾಳಿಗೆಯಿಂದ ನೋಡಿದ್ದೇನೆ. ನೋಡಿದ್ದೇನೆ ಎಂದುಕೊಂಡಿದ್ದೇನೆ. ದೂರ ಇತ್ತು, ಮಳೆ ಇತ್ತು, ಮತ್ತು ನಾನು ಹಗ್ಗವನ್ನು ನೀಲಿ ಎನ್ನುವ ಸಾಕ್ಷಿ. ಕಾಕಿಯನ್ನು ಕೇಳಿದರೆ, "ನಾ ಯಾಕ ಕೊಯ್ಲಿ? ಅವರೇ ಕೊಯ್ದರು" ಎನ್ನುತ್ತಾಳೆ. ಕಾಕಾನನ್ನು ಕೇಳಿದರೆ, "ಯಾರೂ ಕೊಯ್ದಿಲ್ಲ. ತಾನಾ ಹರೀತು" ಎಂದು ಎದ್ದು ಹೋಗುತ್ತಾನೆ. ನೀರಿಳಿದ ಮೇಲೆ ಅವನು ರಾಯಬಾಗ ಕಡೆಯ ಹೊಳೆದಂಡೆಯ ಊರೂರು ತಿರುಗಿದ, ತೇಲಿ ಬಂದ ದನಗಳನ್ನು ಕಟ್ಟಿದ ಕಡೆಯೆಲ್ಲ ನೋಡಿದ. ಗೌರಿ ಸಿಗಲಿಲ್ಲ. ಊರಿಗೆ ಬಂದು ಕಡಾಯಿಯನ್ನು ಹಿತ್ತಲಲ್ಲಿ ಬೋರಲು ಹಾಕಿದ. ಕೋಳಿಗಳು ಅದರಡಿ ಸೇರಿಕೊಂಡವು. ಮುಂದಿನ ಮಳೆಗಾಲ ನೀರು ಕೆಳಗಿನ ಓಣಿಯವರೆಗೆ ಬಂದಾಗ ಹುಡುಗರು ಕರೆಯಲು ಬಂದರು. "ನನ್ನ ಗಳಾ ಹಿಡಿಯೂ ಕೈ ಹೋಗೈತ್ರೋ" ಎಂದ. ಹುಡುಗರೇ ಬೇರೊಂದು ಕಡಾಯಿ ತಂದು ನಡೆಸಿದರು. ಅದು ಬೇಲಿಗೆ ಸಿಕ್ಕಿ ವಾಲಿ, ಒಳಗಿದ್ದ ಮುದುಕಿಯೊಬ್ಬಳು ನೀರು ಕುಡಿದು, ಹೇಗೋ ಬದುಕಿದಳು. ಅಂದಿನಿಂದ ಊರವರಿಗೆಲ್ಲ ಒಂದೇ ಪ್ರಶ್ನೆ: ಮತ್ತೆ ನೀರು ಬಂದರೆ ಮಲ್ಲಪ್ಪ ಕಡಾಯಿ ಹತ್ತುತ್ತಾನೋ ಇಲ್ಲವೋ? ಕಾಕಿಗೂ ಅದೇ ಪ್ರಶ್ನೆ, ಆದರೆ ಅವಳು ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಇಬ್ಬರೂ ತಮ್ಮೊಳಗೆ ಆ ದಿನದ ಮಾತನ್ನೇ ಎತ್ತುತ್ತಿರಲಿಲ್ಲ.

ಇನ್ನು ನಮ್ಮ ಮನೆಯವರ ವಿಷಯ. ಹಾರೂಗೇರಿಯಲ್ಲಿ ಅವರದು ಮೋಟಾರ್ ರಿವೈಂಡಿಂಗ್ ಅಂಗಡಿ, ಆದರೆ ಜೀವ ಇರುವುದು ಗಾಳದಲ್ಲಿ. ಶೇಂಗಾ ಹಿಂಡಿ, ಬೆಲ್ಲ, ಚೂರು ಇಂಗು ಕಲಸಿ ಅವರು ಮೀನಿಗೆ ಮಾಡುವ ಉಂಡೆಯ ಅರ್ಧದಷ್ಟು ಅಕ್ಕರೆಯನ್ನೂ ನಾನು ಹೋಳಿಗೆಗೆ ತೋರಿಸಿಲ್ಲ. ಕಾಕಿಯ ತವರು ನಿಪ್ಪಾಣಿಯಿಂದ ಪಡುವಣಕ್ಕೆ, ಘಟ್ಟದ ಕಡೆ. ಅಲ್ಲಿ ಕಾಡಿನ ನಡುವೆ ಒಂದು ಜಲಾಶಯವಿದೆ ಎಂದೂ, ಅದರಲ್ಲಿ ಮೀನಿನ ಗುತ್ತಿಗೆ ಹಿಡಿದವನು ತನ್ನ ಸಂಬಂಧಿ ದತ್ತು ಎಂದೂ ಕಾಕಿ ಒಮ್ಮೆ ಹೇಳಿದ್ದೇ ತಪ್ಪಾಯಿತು. ನಮ್ಮವರು ಫೋನ್ ಹಚ್ಚಿದರು. ದೋಣಿ ಇದೆಯೇ ಎಂದರೆ ದತ್ತು, "ದೋಣಿ ಎಲ್ಲೀದು ಭಾವೂಜಿ? ಟ್ರ್ಯಾಕ್ಟರಿನ ಟ್ಯೂಬ್ ಐತಿ, ಅದರ ಮ್ಯಾಲ ನಾನೇ ಕುಂಡ್ರತೀನಿ" ಎಂದನಂತೆ.

"ಕಡಾಯಿ ಒಯ್ಯೂಣು" ಎಂದಳು ಕಾಕಿ, ರೊಟ್ಟಿ ತಟ್ಟುತ್ತಲೇ, ಯಾರ ಮುಖವನ್ನೂ ನೋಡದೆ.

ಕಾಕಾ ತಲೆ ಎತ್ತಿದ. "ಒಯ್ರಿ. ನಾ ದಂಡ್ಯಾಗ ಕುಂತಿರತೀನಿ."

ಹೀಗೆ ಬೆಲ್ಲದ ಕಡಾಯಿ ಟೆಂಪೋ ಏರಿತು. ಚಿಕ್ಕೋಡಿಯಲ್ಲಿ ಚಹಾಕ್ಕೆ ನಿಂತಾಗ ಒಬ್ಬರು ಹೊಸ ಗಾಣ ಎಲ್ಲಿ ಹಾಕುತ್ತೀರಿ ಎಂದು ಕೇಳಿದರು. ನಿಪ್ಪಾಣಿ ದಾಟುವಾಗ ತಂಬಾಕಿನ ಘಾಟಿಗೆ ನಾವು ನಾಲ್ವರೂ ಸರದಿಯ ಮೇಲೆ ಸೀನಿದೆವು. ಘಟ್ಟ ಹತ್ತಿದ ಮೇಲೆ, ಕಾಡಿನ ಗೇಟಿನ ಹತ್ತಿರ ಕಾವಲಿನವನು ಟೆಂಪೋ ನಿಲ್ಲಿಸಿದ.

"ಇದೇನ್ರಿ ಇದು?"

"ಅಡಗಿ ಮಾಡಾಕ್ರಿ" ಎಂದುಬಿಟ್ಟರು ನಮ್ಮವರು.

"ಎಷ್ಟ ಮಂದಿಗೆ?"

ನಮ್ಮವರು ಹಿಂತಿರುಗಿ ನಮ್ಮನ್ನು ನೋಡಿದರು. "ನಾಕ ಮಂದಿಗ್ರಿ."

ಅವನು ಕಡಾಯಿಯನ್ನು ನೋಡಿದ, ನಮ್ಮ ನಾಲ್ವರನ್ನು ನೋಡಿದ, ಮತ್ತೆ ಕಡಾಯಿಯನ್ನು ನೋಡಿದ. "ಹೊಟ್ಟಿ ಚಲೋ ಅದಾವು. ಹೋಗ್ರಿ. ಕಾಡಾಗ ಬೆಂಕಿ ಮಾತ್ರ ಹಚ್ಚಬ್ಯಾಡ್ರಿ."

ಆ ನೀರನ್ನು ಮೊದಲು ನೋಡಿದ ಗಳಿಗೆಯನ್ನು ಹೇಗೆ ಹೇಳಲಿ? ನಮ್ಮ ಹೊಳೆಯ ನೀರಿಗೆ ಯಾವಾಗಲೂ ಏನೋ ಕೆಲಸ. ಕಬ್ಬಿಗೆ ಹೋಗಬೇಕು, ದ್ರಾಕ್ಷಿಗೆ ಹೋಗಬೇಕು, ಎಮ್ಮೆ ತೊಳೆಯಬೇಕು, ಪಂಪಿನೊಳಗೆ ಹೊಕ್ಕು ಪೈಪಿನಿಂದ ಹೊರಬೀಳಬೇಕು. ಈ ನೀರಿಗೆ ಕೆಲಸವಿರಲಿಲ್ಲ. ಎರಡು ಗುಡ್ಡಗಳ ನಡುವೆ ಒಂದು ಒಡ್ಡು, ಒಡ್ಡಿನ ಹಿಂದೆ ಸುಮ್ಮನೆ, ತುಂಬಾ ಹಿಂದಿನಿಂದ ಸುಮ್ಮನೆ ಇರುವಂತೆ, ಕಪ್ಪು ಹಸಿರು ನೀರು. ಮರಗಳು ಅಂಚಿನವರೆಗೂ ಬಂದು ನಿಂತಿದ್ದವು. ಕೆಳಗೆ ಅಷ್ಟೇ ಮರಗಳು ತಲೆಕೆಳಗಾಗಿ ನಿಂತಿದ್ದವು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಗೊತ್ತಾಗಲಿಲ್ಲ. ಒಂದು ಹಕ್ಕಿ ಆಚೆ ದಂಡೆಯಿಂದ ಹೊರಟು ನೀರಿನ ಮೇಲೆ ಹಾದು ಬಂತು, ಅದರ ರೆಕ್ಕೆಯ ಸದ್ದು ಇಡೀ ದಾರಿ ಕೇಳಿಸಿತು. ದಿನವಿಡೀ ಮೋಟಾರಿನ ಗದ್ದಲದಲ್ಲಿ ಒದರಿ ಒದರಿ ಮಾತಾಡುವ ನಮ್ಮ ಮನೆಯವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಚಪ್ಪಲ್ ಬಿಚ್ಚಬೇಕೇನು?" ಚೇಷ್ಟೆಗೆ ಹೇಳಲಿಲ್ಲ. ನಾನು ಆಗಲೇ ಬಿಚ್ಚಿದ್ದೆ. ಕಾಕಾ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ, ದೊಡ್ಡವರ ಮನೆಯ ಬಾಗಿಲಲ್ಲಿ ನಿಂತ ಹಾಗೆ.

"ಇದು ಎಲ್ಲಿಗೆ ಹೋಗತೈತಿ?" ಎಂದು ದಂಡೆಯಲ್ಲಿ ನಮಗಾಗಿ ಕಾದಿದ್ದ ದತ್ತುವನ್ನು ಕೇಳಿದ.

"ನಾಲಾಕ್ ಬೀಳತೈತಿ. ಆಮ್ಯಾಲ ದೂಧಗಂಗಾ. ಆಮ್ಯಾಲ ಕೃಷ್ಣಾ."

"ಆಮ್ಯಾಲ ನಮ್ಮ ಮನಿ" ಎಂದ ಕಾಕಾ. ಟೊಪ್ಪಿಗೆಯಿಂದ ನೀರನ್ನು ತೋರಿಸಿ, "ಇಲ್ಲಿ ಎಷ್ಟ ಶಾಣ್ಯಾ ಆಗಿ ಕುಂತೈತಿ ನೋಡು. ನಮ್ಮ ಊರಿಗೆ ಬಂದಾಗ ನೋಡಬೇಕ ಇದರ ಧಿಮಾಕ" ಎಂದ.

ಕಾಕಿ ಸೆರಗು ಸಿಕ್ಕಿಸುತ್ತಾ ಅಂದಳು: "ಇದಕೇನ ಗೊತ್ತ್ರಿ, ತಾ ಮುಂದ ಯಾರ ಮನಿ ಹೊಗತೈತಿ ಅಂತ?"

ಕಾಕಾ ಟೊಪ್ಪಿಗೆ ಮತ್ತೆ ತಲೆಗೆ ಹಾಕಿಕೊಂಡು ದಂಡೆಯ ಮೇಲೆ ಕೂತ.

ನಮ್ಮವರೂ ನಾನೂ ಕಡಾಯಿ ಹತ್ತಿದೆವು. ದೇವರ ದಯೆ, ದತ್ತು ಬಳೆಗೊಂದು ಉದ್ದನೆಯ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಮರಕ್ಕೆ ಬಿಗಿದಿದ್ದ. ಅದು ನೀಲಿ ಹಗ್ಗ. ದಂಡೆ ಬಿಟ್ಟು ಹತ್ತು ಮಾರು ಹೋಗುವಷ್ಟರಲ್ಲಿ ನಮಗೆ ನಮ್ಮ ತಪ್ಪು ಗೊತ್ತಾಯಿತು. ಹೊಳೆದಂಡೆಯವರು ಮಾತ್ರ ಮಾಡಬಹುದಾದ ತಪ್ಪು ಅದು. ನೀರು ಎಂದರೆ ಅದು ಹರಿಯುತ್ತದೆ, ಹರಿಯುವುದು ನಮ್ಮನ್ನು ಒಯ್ಯುತ್ತದೆ, ನಾವು ತಿದ್ದಿದರೆ ಸಾಕು ಎಂದೇ ನಾವು ಹುಟ್ಟಿದಾಗಿನಿಂದ ತಿಳಿದಿದ್ದೆವು. ನಿಂತ ನೀರು ಎಲ್ಲಿಗೂ ಒಯ್ಯಲಿಲ್ಲ. ನಮ್ಮವರು ಗಳದಿಂದ ಬಲಕ್ಕೆ ನೀರು ತಳ್ಳಿದರೆ ಕಡಾಯಿ ಎಡಕ್ಕೆ ತಿರುಗಿತು, ಎಡಕ್ಕೆ ತಳ್ಳಿದರೆ ಬಲಕ್ಕೆ ತಿರುಗಿತು, ಮುಂದೆ ಮಾತ್ರ ಹೋಗಲಿಲ್ಲ. ಗಾಳದ ದಾರ ಮೀನನ್ನು ಬಿಟ್ಟು ನಮ್ಮಿಬ್ಬರನ್ನೇ ಸುತ್ತಿತು. ಹಿಂಡಿಯ ಉಂಡೆ ಕಾಲಡಿ ಪುಡಿಯಾಯಿತು.

"ಇದೇನ ಭಾವೂಜಿ, ಜಾತ್ರ್ಯಾಗಿನ ತಿರುಗು ಪಾಳಣಾ ಆಡಾಕ ಬಂದೀರೇನು?" ದತ್ತು ದಂಡೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಕಾಕಾನಿಗೆ ತಡೆಯಲಾಗಲಿಲ್ಲ. "ಅಳಿಯಾರ! ಗಳಾ ಊರ್ರಿ, ಗಳಾ!"

"ಊರಾಕ ತಳಾ ಎಲ್ಲಿ ಐತ್ರಿ ಮಾಂವಾರ?"

"ತಳಾ ಇಲ್ಲದ ನೀರ ಎಲ್ಲಿರತೈತಿ? ನೆಟ್ಟಗ ಊರ್ರಿ!"

"ನೆಟ್ಟಗೇ ಊರೀನ್ರಿ. ಗಳಾನೇ ಕೈ ಬಿಟ್ಟ ಹೊಂಟೈತಿ!"

ದತ್ತು ಹಗ್ಗ ಎಳೆದು ನಮ್ಮನ್ನು ದಂಡೆಗೆ ತಂದ. ಊಟ ಮಾಡುವಾಗಲೂ ಕಾಕಾ ರೊಟ್ಟಿ ಮುರಿಯುತ್ತಾ, "ತಳಾ ಇರಲೇಬೇಕಲೇ" ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದ. ನಮ್ಮವರು ಮುನಿಸಿಕೊಂಡು ದಂಡೆಯಿಂದಲೇ ಗಾಳ ಬಿಟ್ಟು ಕೂತರು.

ಕಾಕಿ ತಾಟುಗಳನ್ನು ತೊಳೆಯಲು ನೀರಿಗೆ ಹೋದಳು. ತೊಳೆದಳು. ತಾಟುಗಳೊಂದಿಗೆ ಹೋಗಿ ಕಡಾಯಿಯಲ್ಲಿ ಕೂತಳು. ನೀಲಿ ಹಗ್ಗ ಬಿಚ್ಚಿದಳು.

"ಏನ್ರಿ," ಎಂದಳು, "ಬರ್ತೀರೋ, ನಾ ಒಬ್ಬಾಕೇ ಹೋಗ್ಲೋ?"

ಕಾಕಾ ಧಡಕ್ಕನೆ ಎದ್ದ. "ಏ, ಇಳೀ ಕೆಳಗ. ಹುಚ್ಚ ಹಿಡದೈತೇನ ನಿನಗ?"

"ಹಿಡದೈತಿ."

ಅವಳು ತಾಟಿನಿಂದ ಒಮ್ಮೆ ನೀರು ನೂಕಿದಳು. ಕಡಾಯಿ ನಿಧಾನ ತಿರುಗುತ್ತಾ ದಂಡೆ ಬಿಟ್ಟಿತು. ಒಮ್ಮೆ ಅವಳ ಮುಖ, ಒಮ್ಮೆ ಬೆನ್ನು. ಬೆನ್ನಾದಾಗಲೂ ಅವಳು ತಿರುಗಿ ನೋಡಲಿಲ್ಲ. ಅವಳಿಗೆ ಈಜು ಬರುವುದಿಲ್ಲ, ಅದು ನಮಗೆಲ್ಲ ಗೊತ್ತು. ದತ್ತು ಟ್ಯೂಬಿನ ಕಡೆ ಓಡಿದ. ಅಷ್ಟರಲ್ಲಿ ಕಾಕಾ ಗಳವನ್ನು ಹಿಡಿದು ನೀರಿಗೆ ಇಳಿದಿದ್ದ. ಮೊಣಕಾಲು, ಸೊಂಟ, ಎದೆ. ಧೋತರ ಹಿಂದೆ ತೇಲುತ್ತಿತ್ತು. ತಿರುಗಿ ಬಂದ ಕಡಾಯಿಯ ಬಳೆಯಲ್ಲಿ ನೇತಾಡುತ್ತಿದ್ದ ಆ ಹಳೆಯ ಹಗ್ಗದ ತುಂಡನ್ನೇ ಅವನು ಹಿಡಿದುಕೊಂಡ.

ಇಲ್ಲಿ ನಾನು ನಿಲ್ಲಬೇಕು. ಈ ಭಾಗ ತುಂಬಾ ಚೆಂದ ಕೂತಿದೆ, ಅದಕ್ಕೇ ನನಗೆ ಅನುಮಾನ. ಕಡಾಯಿಗೆ ನಾಲ್ಕು ಬಳೆ. ತಿರುಗುವ ಕಡಾಯಿಯಲ್ಲಿ ಯಾವುದಾದರೂ ಕೈಗೆ ಬರಬಹುದಿತ್ತು. ನಮ್ಮ ಮನೆಯವರು, "ಹಗ್ಗ ಎಲ್ಲೀದು, ಅಂಚು ಹಿಡದರು" ಎನ್ನುತ್ತಾರೆ. ಅವರ ಕಣ್ಣು ಆಗ ಗಾಳದ ಬೆಂಡಿನ ಮೇಲಿತ್ತು, ಆದ್ದರಿಂದ ಅವರನ್ನೂ ನಂಬುವ ಹಾಗಿಲ್ಲ. ಏನನ್ನೋ ಹಿಡಿದ. ಹತ್ತಿದ. ಇಷ್ಟು ಖಂಡಿತ.

ನಾನು ಒಡ್ಡಿನ ಮೇಲೆ ಓಡಿ ಹೋಗಿ ನಿಂತೆ. ಅಲ್ಲಿಂದ ಎಲ್ಲ ಕೆಳಗೆ ಕಾಣುತ್ತಿತ್ತು. ಕಾಕಾ ಅಭ್ಯಾಸದಂತೆ ನಡುವೆ ಎದ್ದು ನಿಂತು ಗಳ ಊರಿದ. ಗಳ ಕೆಳಗೆ ಹೋಯಿತು. ಇನ್ನೂ ಹೋಯಿತು. ಅವನು ಬಗ್ಗಿದ, ಮೊಣಕೈ ಮುಳುಗಿತು, ಭುಜ ನೀರಿಗೆ ತಾಗಿತು. ಬದು ಇಲ್ಲ, ಬಾವಿ ಕಟ್ಟಿ ಇಲ್ಲ, ಯಾರ ಹೊಲವೂ ಇಲ್ಲ. ಬಹಳ ಹೊತ್ತು ಹಾಗೆಯೇ ಇದ್ದ. ಆಮೇಲೆ ಗಳವನ್ನು ಮೆಲ್ಲಗೆ ಮೇಲೆಳೆದು ಕಡಾಯಿಗೆ ಅಡ್ಡ ಇಟ್ಟು, ಕೂತುಬಿಟ್ಟ. ನೀರಿನ ಮೇಲೆ ಕಾಕಾ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಕಾಕಿ ಅವನ ಕೈಗೆ ಒಂದು ತಾಟು ಕೊಟ್ಟಳು. ಒಬ್ಬರು ಈ ಕಡೆ, ಒಬ್ಬರು ಆ ಕಡೆ, ಒಂದೇ ಸಲಕ್ಕೆ ನೀರು ನೂಕಿದರು. ಕಡಾಯಿ ತಿರುಗುವುದನ್ನು ಬಿಟ್ಟು, ಮುಜುಗರದಿಂದ ಎಂಬಂತೆ, ಮುಂದೆ ಹೊರಟಿತು.

ನಟ್ಟನಡುವೆ ಹೋಗಿ ನೂಕುವುದನ್ನು ನಿಲ್ಲಿಸಿದರು. ಕಾಕಾ ಮಂಗಸೂಳಿ ಮಲ್ಲಯ್ಯನ ಭಂಡಾರದ ಪುಡಿಕೆಯನ್ನು ಯಾವಾಗಲೂ ಅಂಗಿಯ ಜೇಬಿನಲ್ಲಿ ಇಟ್ಟಿರುತ್ತಾನೆ. ಅದು ಒದ್ದೆಯಾಗಿರಲೇಬೇಕು, ಆದರೂ ಅದರಿಂದ ಏನೋ ತೆಗೆದು ನೀರಿಗೆ ಬಿಟ್ಟ. ಕಪ್ಪು ನೀರಿನ ಮೇಲೆ ಅರಿಶಿನ ಹರಡಿತು. ಕಡಾಯಿ ಮತ್ತೆ ತನ್ನಷ್ಟಕ್ಕೆ ತಿರುಗತೊಡಗಿತ್ತು, ಬಹಳ ನಿಧಾನ, ಅದರ ಸುತ್ತ ಹಳದಿ ಬಳೆಯೊಂದು ಬಿಚ್ಚಿಕೊಳ್ಳುತ್ತಾ ಹೋಯಿತು. ಆಗ ಕೆಳಗಿನಿಂದ ಮೀನುಗಳು ಎದ್ದವು. ಒಂದಲ್ಲ, ಎರಡಲ್ಲ. ಕಂದು ಬೆನ್ನುಗಳು, ನನ್ನ ತೋಳಿನಷ್ಟು ಉದ್ದದವು, ಕಡಾಯಿಯ ಸುತ್ತ, ಕಡಾಯಿ ತಿರುಗುವ ದಿಕ್ಕಿನಲ್ಲೇ ತಿರುಗತೊಡಗಿದವು. ನೀರು ಕದಡಲಿಲ್ಲ. ಎಷ್ಟೋ ವರ್ಷದ ಬೆಲ್ಲ ಕಡಾಯಿಯ ಸಂದುಗಳಿಂದ ಈ ನೀರಿಗೆ ಇಳಿಯಿತೇ? ನಾವು ಕೆರೆದು ತಿಂದು ಉಳಿಸಿದ್ದಕ್ಕೆ ಇವು ಬಂದವೇ? ನಮ್ಮವರು ಆಮೇಲೆ ಸಮಾಧಾನವಾಗಿ ವಿವರಿಸಿದರು: ಕಾಲಡಿ ಪುಡಿಯಾದ ಹಿಂಡಿಯನ್ನು ಕಾಕಿ ತಾಟಿನಿಂದ ಗುಡಿಸಿ ಹೊರಗೆ ಚೆಲ್ಲಿರಬೇಕು. ಸರಿಯೇ ಇರಬಹುದು. ಆದರೆ ಆ ಗಳಿಗೆಯಲ್ಲಿ ಅವರೂ ಗಾಳ ಮರೆತು ಎದ್ದು ನಿಂತಿದ್ದರು. "ಮಾಂವಾರ, ಮೀನ!" ಎಂದು ಕೂಗಲು ಬಾಯಿ ತೆರೆದವರು ಕೂಗಲಿಲ್ಲ. ಅದು ಅವರ ಜೀವನದಲ್ಲೇ ದೊಡ್ಡ ತ್ಯಾಗ.

ಕಾಕಾ, ಕಾಕಿ ಮಾತಾಡುತ್ತಿದ್ದರು. ನೀರಿನ ಮೇಲಿಂದ ದನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಕಡಾಯಿ ತಿರುಗಿದಂತೆ ಒಮ್ಮೆ ಅವಳ ಮುಖ ನನ್ನ ಕಡೆ, ಒಮ್ಮೆ ಅವನದು. ಅವಳ ಮುಖ ಬಂದಾಗ ಅವಳು ಹೇಳುತ್ತಿದ್ದಳು. ಅವನ ಮುಖ ಬರುವಷ್ಟರಲ್ಲಿ ಅವನು ಕೇಳಿ ಮುಗಿಸಿದ್ದ. ಮುಂದಿನ ಸುತ್ತಿನಲ್ಲಿ ಅವನು ಒಂದು ಕೈಯನ್ನು ನೀರಿನಲ್ಲಿ ಇಳಿಬಿಟ್ಟಿದ್ದ, ಎಮ್ಮೆಯ ಬೆನ್ನ ಮೇಲೆ ಇಟ್ಟ ಹಾಗೆ. ಅದರ ಮುಂದಿನ ಸುತ್ತಿನಲ್ಲಿ ಕಾಕಿ ಸೆರಗಿನಿಂದ ಮುಖ ಒರೆಸುತ್ತಿದ್ದಳು. ಅಥವಾ ಬಿಸಿಲಿಗೆ ಸೆರಗು ಮರೆ ಮಾಡುತ್ತಿದ್ದಳು. ಸುತ್ತು ಮುಗಿದು ಹೋಯಿತು.

ಅರಿಶಿನ ಎಲ್ಲಿ ಹೋಯಿತೋ. ಅವರು ಹಿಂತಿರುಗುವ ಹೊತ್ತಿಗೆ ನೀರಿನ ಮೇಲೆ ಒಂದು ಗೀಟೂ ಇರಲಿಲ್ಲ, ಅಲ್ಲಿಗೆ ಯಾರೂ ಹೋಗಿಯೇ ಇರಲಿಲ್ಲ ಎನ್ನುವ ಹಾಗೆ ಮತ್ತೆ ಮರಗಳು ತಲೆಕೆಳಗಾಗಿ ನಿಂತಿದ್ದವು.

ದಂಡೆಗೆ ಬಂದ ಕಾಕಾ ಧೋತರ ಹಿಂಡುತ್ತಾ ಕೇಳಿದ ಮೊದಲ ಮಾತು: "ಚಾ ಐತೇನು, ಸುಮೀ?"

ಬೆಂಕಿ ಹಚ್ಚಬಾರದೆಂದು ಕಾವಲಿನವನು ಹೇಳಿದ್ದ. ಥರ್ಮಾಸಿನಲ್ಲಿ ಉಳಿದಿದ್ದ ಉಗುರುಬೆಚ್ಚನೆಯ ಚಹಾ ಕೊಟ್ಟೆ. ಅರ್ಧ ಕುಡಿದು ಉಳಿದದ್ದನ್ನು ಕಾಕಿಗೆ ಕೊಟ್ಟ. ನಮ್ಮವರಿಗೆ ಬೆರಳುದ್ದದ ಒಂದು ಮೀನು ಸಿಕ್ಕಿತ್ತು, ಅದನ್ನೂ ದತ್ತು ಬಿಡಿಸಿ ನೀರಿಗೆ ಬಿಟ್ಟ. ಬದಲಿಗೆ ತನ್ನ ಬಲೆಯ ಎರಡು ದೊಡ್ಡ ಮೀನು ಕೊಟ್ಟ. ಹಾರೂಗೇರಿಯಲ್ಲಿ ಅವೆರಡೂ ಗಾಳಕ್ಕೆ ಬಿದ್ದವು ಎಂದೇ ಪ್ರಸಿದ್ಧಿ. ಇಳಿಯುವಾಗ ಗೇಟಿನ ಕಾವಲಿನವನು, "ಉಂಡ್ರೇನ್ರಿ ಹೊಟ್ಟಿ ತುಂಬ?" ಎಂದು ಕೇಳಿದ. ಕಾಕಾ ಗಂಭೀರವಾಗಿ, "ತಳಾ ಸಿಗಲಿಲ್ಲ" ಎಂದ.

ಮೊನ್ನೆ ಹಿತ್ತಲಿಗೆ ಹೋದಾಗ ಕೋಳಿಗಳು ಬೇರೆ ಗೂಡಿನಲ್ಲಿದ್ದವು. ಗೋಡೆಗೆ ಒರಗಿದ ಕಡಾಯಿಯ ಇನ್ನೊಂದು ಬಳೆಗೆ ಹೊಸ ನೀಲಿ ಹಗ್ಗ ಕಟ್ಟಿತ್ತು, ದತ್ತು ಕೊಟ್ಟದ್ದೇ. ಒಳಗೆ ಬಿದಿರಿನ ಗಳ, ಅದರ ಜೊತೆಗೆ ಎರಡು ಹಳೆಯ ತಾಟು. ಮಳೆ ಇನ್ನೂ ಬಂದಿರಲಿಲ್ಲ. ಕೆಳಗಿನ ಓಣಿಯ ಹುಡುಗರಿಬ್ಬರನ್ನು ಕಾಕಾ ಒಣ ಹೊಲದಲ್ಲಿ ಅಡ್ಡಾಡಿಸುತ್ತಿದ್ದ. "ಇಲ್ಲಿ ಬದು. ಕಾಲಿಂದ ತಿಳಕೋರಿ, ನೀರ ಬಂದಾಗ ಗಳಕ್ಕ ತಿಳೀತೈತಿ" ಎನ್ನುವುದು ಕೇಳಿಸುತ್ತಿತ್ತು.

ಕಾಕಿಯನ್ನು ಕೇಳಿದೆ: "ಅವತ್ತ ನಡುನೀರಾಗ ಏನ್ ಮಾತಾಡಿದಿರಿ ಕಾಕಿ?"

"ಏನಿಲ್ಲ ಸುಮೀ. ಮೀನಿನ ಸುದ್ದಿ."

ಸಂಜೆ ಕಾಕಾನನ್ನೂ ಕೇಳಿದೆ. "ನಾ ಎಲ್ಲಿ ಮಾತಾಡಿದೆ? ನಿಮ್ಮ ಕಾಕೀನೇ ಮಾತಾಡಿದಳು" ಎಂದ.

ಹಳೆಯ ಹಗ್ಗದ ತುಂಡನ್ನು ಮಾತ್ರ ಇಬ್ಬರೂ ಬಿಚ್ಚಿಲ್ಲ. ಅದನ್ನು ಕಾಕಿ ಕೊಯ್ದಳೋ, ಕಾಕಾ ಕೊಯ್ದನೋ, ತಾನೇ ಹರಿಯಿತೋ ನನಗೆ ಗೊತ್ತಿಲ್ಲ. ಆ ನೀರಿನ ಮೇಲೆ ಅವರು ಅದನ್ನೇ ಮಾತಾಡಿದರೋ ಇಲ್ಲವೋ, ಅದೂ ಗೊತ್ತಿಲ್ಲ.